ಕೊಬ್ಬು ಅಳೆಯುವ ತೂಕದ ಯಂತ್ರ: ಹದಿಹರೆಯದ ಮಗನಿರುವ ಮನೆಯಲ್ಲಿ ನಾಲ್ಕು ತಿಂಗಳು

ಜೂನ್‌ನಲ್ಲಿ ಮಡಿಕೇರಿಗೆ ಮಳೆ ಹಿಡಿದು ಹಾಕಿ ಆಟದ ಅಭ್ಯಾಸ ನಿಂತಾಗ, ಹದಿನೈದು ವರ್ಷದ ಮಗನ ತೂಕ ಏರುತ್ತಿದೆಯೆಂಬ ಆತಂಕದಲ್ಲಿ ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಈ ಗಾಜಿನ ಯಂತ್ರವನ್ನು ತರಿಸಿದೆವು. ತೂಕದ ಜೊತೆಗೆ ದೇಹದ ಕೊಬ್ಬು, ಸ್ನಾಯು ಮತ್ತು ನೀರಿನ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಮೊಬೈಲಿಗೆ ಕಳುಹಿಸುವುದು ಇದರ ವಿಶೇಷ. ತೂಕದ ಮಟ್ಟಿಗೆ ದೂರುವಂತಿಲ್ಲ. ಐದು ಕಿಲೋ ಅಕ್ಕಿಯ ಚೀಲ ಹಿಡಿದು ನಿಂತಾಗ ಸರಿಯಾಗಿ ಐದು ಕಿಲೋ ಹೆಚ್ಚು ತೋರಿಸಿತು.

ತೊಡಕಿರುವುದು ಕೊಬ್ಬಿನ ಲೆಕ್ಕದಲ್ಲಿ. ಪಾದದ ಕೆಳಗಿನ ಲೋಹದ ಪಟ್ಟಿಗಳು ದೇಹದೊಳಗೆ ಅತಿ ಸಣ್ಣ ವಿದ್ಯುತ್ತನ್ನು ಹರಿಸುತ್ತವೆ. ನೀರು ತುಂಬಿದ ಸ್ನಾಯು ಅದನ್ನು ಸುಲಭವಾಗಿ ಹರಿಯಬಿಡುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆಯನ್ನು ಎತ್ತರ, ವಯಸ್ಸು, ಲಿಂಗಗಳ ಜೊತೆ ಸೂತ್ರಕ್ಕೆ ಹಾಕಿ ಯಂತ್ರವು ಅಂದಾಜು ಹೇಳುತ್ತದೆಯೇ ಹೊರತು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಬೆಳಿಗ್ಗೆ ಎದ್ದೊಡನೆ ಮಗನಿಗೆ ಶೇಕಡಾ 24.1 ಕೊಬ್ಬು ತೋರಿಸಿದ್ದು, ಸ್ನಾನ ಮುಗಿಸಿ ಒದ್ದೆ ಪಾದದಲ್ಲೇ ಹತ್ತಿದಾಗ 21.8ಕ್ಕೆ ಇಳಿಯಿತು. ಸ್ನಾನದ ನೀರಿಗೆ ಕೊಬ್ಬು ಕರಗುವುದಾದರೆ ಕೊಡಗಿನ ಮಳೆಗಾಲ ಸಾಕಾಗುತ್ತಿತ್ತು! ಹದಿನೆಂಟರ ಒಳಗಿನವರಿಗೆ ಫಲಿತಾಂಶ ನಿಖರವಲ್ಲವೆಂಬ ಮಾತು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಮಾರಾಟದ ಪುಟದಲ್ಲಿ ಅದರ ಸುಳಿವಿರಲಿಲ್ಲ. ಈ ವಯಸ್ಸಿನಲ್ಲಿ ಗಂಡುಮಕ್ಕಳಿಗೆ ಸ್ನಾಯುವೂ ಹೆಣ್ಣುಮಕ್ಕಳಿಗೆ ಕೊಬ್ಬೂ ಸಹಜವಾಗಿಯೇ ಹೆಚ್ಚುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ 5ರಿಂದ 19 ವರ್ಷದವರಿಗೆ ಕೊಟ್ಟಿರುವ ವಯಸ್ಸುವಾರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಪಟ್ಟಿಯನ್ನು ಮಕ್ಕಳ ವೈದ್ಯರೊಡನೆ ನೋಡುವುದೇ ಮೇಲು.

ಜೊತೆಗೆ ಬರುವ ಆ್ಯಪ್ ಆಹಾರದ ಸಲಹೆಯನ್ನೂ ಕೊಡುತ್ತದೆ: ಕೇಲ್, ಬ್ರೊಕೊಲಿ, ಬ್ಲೂಬೆರಿ. ಶುಕ್ರವಾರದ ಸಂತೆಯಲ್ಲಿ ಕೆಸುವಿನ ಸೊಪ್ಪು, ಕಣಿಲೆ (ಎಳೆ ಬಿದಿರು) ಕೊಳ್ಳುವವರಿಗೆ ಇದು ಯಾವ ಲೋಕದ ಪಟ್ಟಿಯೋ ತಿಳಿಯದು. ಆದರೂ ಆ ಸಲಹೆಯ ನೆಪದಲ್ಲಿ ನಾವು ಅಡುಗೆಮನೆಯ ತಕ್ಕಡಿಯಲ್ಲಿ ಮಗನ ಒಂದು ದಿನದ ಹಣ್ಣು ತರಕಾರಿಯನ್ನು ತೂಗಿದೆವು; 130 ಗ್ರಾಂ ಕೂಡ ದಾಟಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 2,000 ಕಿಲೋಕ್ಯಾಲರಿಯ ಆಹಾರಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ಅವನ ಹೊಟ್ಟೆ ತುಂಬುತ್ತಿದ್ದುದು ಅಕ್ಕಿ ಒಟ್ಟಿ (ರೊಟ್ಟಿ), ಪಂದಿಕರಿ (ಹಂದಿ ಮಾಂಸದ ಸಾರು) ಮತ್ತು ಸಂಜೆಯ ಬೇಕರಿ ಪಫ್ಸ್‌ನಿಂದ.

ಹಣ್ಣೆಂದರೆ ಎಲ್ಲವೂ ಒಂದೇ ಅಲ್ಲವೆಂಬುದನ್ನೂ ಆ್ಯಪ್ ಹೇಳುವುದಿಲ್ಲ. ನಮ್ಮ ತೋಟದ ಬೆಣ್ಣೆಹಣ್ಣು 100 ಗ್ರಾಂಗೆ ಸುಮಾರು 160 ಕಿಲೋಕ್ಯಾಲರಿ ಕೊಟ್ಟರೆ ಪರಂಗಿ 43ರ ಆಸುಪಾಸು. ಬೆಣ್ಣೆಹಣ್ಣಿನಲ್ಲಿ ನಾರು ಮತ್ತು ಒಳ್ಳೆಯ ಕೊಬ್ಬು ಇದೆ ನಿಜ, ಆದರೆ ಹಾಲು, ಸಕ್ಕರೆ ಸುರಿದು ದೊಡ್ಡ ಲೋಟದಲ್ಲಿ ಜ್ಯೂಸ್ ಮಾಡಿ ಪಫ್ಸ್ ಜೊತೆಗೆ ಕುಡಿದರೆ ತೂಕ ಇಳಿಯುವ ಮಾತೇ ಇಲ್ಲ. ಹಣ್ಣು ಬಂದಾಗ ಯಾವುದು ತಟ್ಟೆಯಿಂದ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿ ಡ್ಯೂ ತಳಿಯ ಪರಂಗಿ ಈಗ ಸಂಜೆಯ ಪಫ್ಸ್ ಜಾಗಕ್ಕೆ ಬಂದಿದೆ, ಮಗನ ಗೊಣಗಾಟದ ಜೊತೆಗೆ.

ಬರಿ ತೂಕ ಬೇಕಿದ್ದರೆ ಇದರ ಅರ್ಧ ಬೆಲೆಯ ಯಂತ್ರ ಸಾಕು. ನಾನು ಐದಕ್ಕೆ ಎರಡು ಅಂಕ ಕೊಡುತ್ತೇನೆ. ಕೊಬ್ಬಿನ ಅಂಕಣವನ್ನು ಮಗನ ಮೊಬೈಲಿನಿಂದ ತೆಗೆಸಿದ್ದೇವೆ, ಯಂತ್ರ ತಿಂಗಳಿಗೊಮ್ಮೆ ಹೊರಗೆ ಬರುತ್ತದೆ.