ನಾಲ್ಕು ಟಿಬಿ ಎಸ್‌ಎಸ್‌ಡಿ: ಖಾಲಿ ಇದ್ದಾಗ ಎಲ್ಲವೂ ಒಳ್ಳೆಯವೇ

ಮದುವೆ ವಿಡಿಯೊ ಎಡಿಟ್ ಮಾಡುವ ಪಿಸಿಗೆ ನಾಲ್ಕು ಟಿಬಿ ಎಸ್‌ಎಸ್‌ಡಿ ಬೇಕಾದರೆ ಟಿಎಲ್‌ಸಿಯನ್ನೇ ಕೊಳ್ಳಿ. ಎಸ್‌ಎಸ್‌ಡಿ ಅಂದರೆ ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್; ಟಿಎಲ್‌ಸಿ, ಕ್ಯುಎಲ್‌ಸಿ ಅನ್ನುವುದು ಆ ಚಿಪ್ಪಿನ ಸೆಲ್ಲುಗಳ, ಅಂದರೆ ಡೇಟಾ ಕೂರುವ ಪುಟ್ಟ ಕೋಣೆಗಳ, ಎರಡು ಜಾತಿ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್ ಕೊಳ್ಳಿ. ತೀರ್ಪಿಗಾಗಿ ಕೊನೆಯವರೆಗೂ ಕಾಯಿಸುವುದಿಲ್ಲ, ನನ್ನ ಪಿಸಿಯಲ್ಲಿ ಈಗಿರುವುದು ಅದೇ. ಅದಕ್ಕೂ ಮೊದಲು ಅದೇ ಸ್ಲಾಟಿನಲ್ಲಿ ಒಂದು ಅಗ್ಗದ ಕ್ಯುಎಲ್‌ಸಿ ಡ್ರೈವ್ ಇತ್ತು. ಪಕ್ಕದಲ್ಲಿ ಹಳೆಯ ಮಾದರಿಯ ಸಾಟಾ ಕೇಬಲ್ಲಿಗೆ ಒಂದು ಸ್ಯಾಮ್‌ಸಂಗ್ 870 ಇವೊ ಈಗಲೂ ಇದೆ. ನನ್ನ ಜೊತೆ ಎಡಿಟಿಂಗಿಗೆ ಕೂರುವ ಹುಡುಗನ ಲ್ಯಾಪ್‌ಟಾಪಿನಲ್ಲಿರುವುದು ಲೆಕ್ಸಾರ್ ಎನ್‌ಎಂ790. ನಾಲ್ಕೂ ನಾಲ್ಕು ಟಿಬಿಯವೇ, ನಾಲ್ಕರ ಮೇಲೂ ನಿಜವಾದ ಕೆಲಸ ನಡೆದಿದೆ.

ಕ್ಯುಎಲ್‌ಸಿ ಡ್ರೈವಿನ ಕಂಪನಿ ಯಾವುದು ಅಂತ ಕೇಳಬೇಡಿ. ನನಗೆ ಬಂದ ತೊಂದರೆ ಆ ಸೆಲ್ಲಿನ ಜಾಯಮಾನದ್ದು, ಸ್ಟಿಕ್ಕರ್ ಬದಲಾದರೆ ಅದು ಬದಲಾಗುವುದಿಲ್ಲ.

ಡಬ್ಬದ ಮೇಲಿನ ವೇಗದ ಲೆಕ್ಕ ನಾನು ಬರೆಯುವುದಿಲ್ಲ, ಅಂಗಡಿಯವನೇ ಬಾಯಿಪಾಠ ಒಪ್ಪಿಸುತ್ತಾನೆ. ನನ್ನ ಕೆಲಸ ಹೇಗಿದೆ ಅನ್ನುವುದು ಮುಖ್ಯ. ಸೆಕೆಂಡಿಗೆ 200 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಒಂದು ಕ್ಯಾಮೆರಾ ಗಂಟೆಗೆ ಸುಮಾರು 90 ಜಿಬಿ ತುಂಬಿಸುತ್ತದೆ. ಮೂರು ಕ್ಯಾಮೆರಾ, ಹಿಂದಿನ ಸಂಜೆಯ ಆರತಕ್ಷತೆ, ಬೆಳಗ್ಗೆ ಧಾರೆ ಎಲ್ಲ ಸೇರಿದರೆ 600 ಜಿಬಿ ಆರಾಮಾಗಿ ದಾಟುತ್ತದೆ. ಕಾರ್ಡುಗಳನ್ನು ಛತ್ರದಲ್ಲೇ ಒಂದು ಪೋರ್ಟಬಲ್ ಎಸ್‌ಎಸ್‌ಡಿಗೆ ಖಾಲಿ ಮಾಡಿಕೊಂಡು ಬರುತ್ತೇವೆ. ಮನೆಗೆ ಬಂದು ಅದನ್ನು ಪಿಸಿಗೆ ಹಾಕಿದರೆ ಸೆಕೆಂಡಿಗೆ ಸುಮಾರು 900 ಎಂಬಿ ಬರುತ್ತದೆ. ನನ್ನ ಯುಎಸ್‌ಬಿ ಪೋರ್ಟಿನಿಂದ ಅದಕ್ಕಿಂತ ಹೆಚ್ಚು ಬರುವುದೂ ಇಲ್ಲ, ನನಗೆ ಬೇಕಾಗಿಯೂ ಇಲ್ಲ.

ಕ್ಯುಎಲ್‌ಸಿ ಹೊಸದಾಗಿದ್ದಾಗ ಈ 600 ಜಿಬಿಯನ್ನು ಗುಟುಕು ನೀರು ಕುಡಿದಂತೆ ನುಂಗಿತು. ವಿಂಡೋಸಿನ ಕಾಪಿ ಕಿಟಕಿಯಲ್ಲಿ ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ. ಮೊದಲ ಮೂರ್ನಾಲ್ಕು ಮದುವೆ ಹಾಗೇ ಸಾಗಿದವು. ಡ್ರೈವ್ ಮುಕ್ಕಾಲು ದಾಟಿದ ಮೇಲೆ ಶುರುವಾಯಿತು ನೋಡಿ. ಮೊದಲ ನಾಲ್ಕು ನಿಮಿಷ 900, ಆಮೇಲೆ ಗೆರೆ ಬಾವಿಗೆ ಬಿದ್ದ ಹಾಗೆ ಧಡಕ್ಕನೆ ಕೆಳಗೆ. ಎಂಬತ್ತು, ನೂರು, ಒಂದು ಕ್ಷಣ ಸೊನ್ನೆ, ಮತ್ತೆ ನೂರಹತ್ತು. ಉಳಿದಿರುವ ಸಮಯ ಅಂತ ತೋರಿಸುವ ಸಾಲು ಏಳು ನಿಮಿಷದಿಂದ ಒಂದು ಗಂಟೆಗೆ ಹಾರಿತು. ಅದರ ನಡುವೆ ಹಿಂದಿನ ವಾರದ ಪ್ರಾಜೆಕ್ಟ್ ತೆರೆದು ಒಂದೆರಡು ಕಟ್ ಹಾಕೋಣವೆಂದರೆ ಟೈಮ್‌ಲೈನ್ ಪ್ಲೇಹೆಡ್ ನಿಂತಲ್ಲೇ ನಿಲ್ಲುತ್ತದೆ. ವಧು ಹಾರ ಎತ್ತಿದ ಕೈ ಎತ್ತಿದಂತೆಯೇ. ಮೊದಲು ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಬಿಸಿ ಹೆಚ್ಚಾಗಿದೆಯೇ ಅಂತ ನೋಡಿದೆ. ಐವತ್ತು ಡಿಗ್ರಿಯೂ ಇರಲಿಲ್ಲ.

ಒಳಗೆ ನಡೆಯುವುದು ಇಷ್ಟು. ಟಿಎಲ್‌ಸಿಯ ಒಂದು ಸೆಲ್ಲಿನಲ್ಲಿ ಮೂರು ಬಿಟ್, ಕ್ಯುಎಲ್‌ಸಿಯಲ್ಲಿ ನಾಲ್ಕು. ನಾಲ್ಕನ್ನು ನೇರವಾಗಿ ಬರೆಯುವುದು ತುಂಬಾ ನಿಧಾನ. ಹಾಗಾಗಿ ಡ್ರೈವ್ ತನ್ನ ಖಾಲಿ ಸೆಲ್ಲುಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು ಕೈ ತೊಳೆದುಕೊಳ್ಳುತ್ತದೆ, ಬಿಡುವಾದಾಗ ಅದನ್ನು ನಾಲ್ಕು ನಾಲ್ಕಾಗಿ ಒತ್ತಿ ಇಡುತ್ತದೆ. ಪೂರ್ತಿ ಖಾಲಿ ಇರುವ ನಾಲ್ಕು ಟಿಬಿಯಲ್ಲಿ ಹೀಗೆ ಹೆಚ್ಚೆಂದರೆ ಒಂದು ಟಿಬಿವರೆಗೆ ವೇಗವಾಗಿ ಬರೆಯಬಹುದು. ಆದರೆ 800 ಜಿಬಿ ಮಾತ್ರ ಉಳಿದಿದ್ದರೆ? ಅದರ ಕಾಲುಭಾಗ, 200 ಜಿಬಿ. ಸೆಕೆಂಡಿಗೆ 900 ಎಂಬಿಯಂತೆ ಅದು ನಾಲ್ಕು ನಿಮಿಷದೊಳಗೆ ಮುಗಿಯಿತು. ಉಳಿದ 400 ಜಿಬಿಯನ್ನು ನೂರರ ವೇಗದಲ್ಲಿ ಬರೆಯಲು ಗಂಟೆ ದಾಟುತ್ತದೆ. ಲೆಕ್ಕ ನನ್ನ ಪರದೆಯ ಮೇಲೆ ಕಂಡದ್ದಕ್ಕೆ ಸರಿಯಾಗಿ ಕೂತಿತು.

ನನಗೆ ಸಿಟ್ಟು ಬರುವುದು ಇಲ್ಲಿ. ದೊಡ್ಡ ಡ್ರೈವ್ ಕೊಳ್ಳುವುದೇ ತುಂಬಿಸಲಿಕ್ಕೆ. ಆದರೆ ವಿಮರ್ಶೆ ಮಾಡುವವರಲ್ಲಿ ಬಹಳ ಜನ ಪರೀಕ್ಷಿಸುವುದು ಖಾಲಿ ಡ್ರೈವನ್ನು, ನಾವು ಕೊಂಡ ವಾರ ಖುಷಿಪಡುವುದೂ ಖಾಲಿ ಡ್ರೈವನ್ನು. ಅದು ತುಂಬುವ ಹೊತ್ತಿಗೆ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. ವಾರಂಟಿಗೆ ಕಳಿಸೋಣವೆಂದರೆ ಡ್ರೈವ್ ಕೆಟ್ಟಿಲ್ಲವಲ್ಲ! ಹಾಗಾಗಿ ಯಾವ ಡ್ರೈವ್ ತಂದರೂ ಮೊದಲ ದಿನವೇ ಹಳೆಯ ಫೈಲುಗಳನ್ನು ಸುರಿದು ಎಂಬತ್ತು ಪರ್ಸೆಂಟ್ ತುಂಬಿಸಿ. ರಾತ್ರಿಯಿಡೀ ಹಾಗೇ ಬಿಡಿ. ಬೆಳಗ್ಗೆ ನಿಮ್ಮ ಮಾಮೂಲಿ ಗಾತ್ರದ ಫೋಲ್ಡರ್ ಒಂದನ್ನು ಕಾಪಿ ಹಾಕಿ ಗೆರೆ ನೋಡಿ.

ಎಸ್‌ಎನ್850ಎಕ್ಸ್‌ಗೆ ನಾನು ಇದೇ ಪರೀಕ್ಷೆ ಮಾಡಿದೆ. ಅದರಲ್ಲೂ ಹೀಗೆ ಒಂದೊಂದೇ ಬಿಟ್ ಬರೆಯುವ ವೇಗದ ಜಾಗ, ಅಂದರೆ ಕ್ಯಾಶ್ ಇದೆ, ಅದೂ ಮುಗಿಯುತ್ತದೆ. ಮುಗಿದ ಮೇಲೂ ಯುಎಸ್‌ಬಿ ಕೊಡುವುದಕ್ಕಿಂತ ಹೆಚ್ಚೇ ಬರೆಯುತ್ತದೆಯಾದ್ದರಿಂದ ನನಗೆ ಅದು ಗೊತ್ತೇ ಆಗುವುದಿಲ್ಲ. 600 ಜಿಬಿ ಹನ್ನೊಂದು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದು ಕಡೆ ಟೈಮ್‌ಲೈನ್ ಓಡುತ್ತಲೇ ಇರುತ್ತದೆ. ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕ ಇಟ್ಟುಕೊಳ್ಳಲು ಸ್ವಂತ ಡಿರ‍್ಯಾಮ್ ಇದೆ, ಐದು ವರ್ಷ ವಾರಂಟಿ. ಒಂದು ವಿಷಯ ತಿಳಿದಿರಲಿ: 2025ರ ಫೆಬ್ರವರಿಯಲ್ಲಿ ಸ್ಯಾನ್‌ಡಿಸ್ಕ್ ವೆಸ್ಟರ್ನ್ ಡಿಜಿಟಲ್‌ನಿಂದ ಬೇರೆಯಾಯಿತು, ಎಸ್‌ಎಸ್‌ಡಿ ವ್ಯವಹಾರ ಅದರ ಪಾಲಿಗೆ ಹೋಯಿತು. ವಾರಂಟಿ ವಿಚಾರಿಸುವಾಗ ಆ ಕಡೆ ಕೇಳಬೇಕು.

ಎನ್‌ಎಂ790ಗೆ ಡಿರ‍್ಯಾಮ್ ಇಲ್ಲ. ಕಂಪ್ಯೂಟರಿನ ರ‍್ಯಾಮಿನಲ್ಲೇ ಚೂರು ಎರವಲು ಪಡೆದು ನಡೆಸುತ್ತದೆ. ಆದರೆ ಟಿಎಲ್‌ಸಿ. ಅದೇ ಫೋಲ್ಡರ್, ಅದೇ ಪೋರ್ಟಬಲ್, ಗೆರೆ ಬೀಳಲಿಲ್ಲ. ಚಿಪ್ಪುಗಳು ಒಂದೇ ಬದಿಗಿರುವುದರಿಂದ ತೆಳು ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಕೂರುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ, ನನ್ನ ಕೆಲಸದಲ್ಲಿ ಇದಕ್ಕೂ ನನ್ನದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ನಾನು ಡ್ರೈವನ್ನು ಯಾವಾಗಲೂ ಕುತ್ತಿಗೆವರೆಗೆ ತುಂಬಿಸಿ, ಸಾವಿರಾರು ಪ್ರಾಕ್ಸಿ ಫೈಲುಗಳನ್ನು (ಎಡಿಟಿಂಗಿಗೆ ಮಾಡಿಕೊಳ್ಳುವ ಹಗುರ ನಕಲುಗಳು) ಅದರ ಮೇಲೇ ಇಟ್ಟು ಒದ್ದಾಡುವವನಾದ್ದರಿಂದ ಡಿರ‍್ಯಾಮ್ ಇರಲಿ ಅಂತ ಹೆಚ್ಚು ಕೊಟ್ಟೆ. ಆ ಹುಡುಗ ಉಳಿಸಿದ ದುಡ್ಡಿನಲ್ಲಿ ರ‍್ಯಾಮ್ ಹಾಕಿಸಿಕೊಂಡ. ಅವನದೂ ಸರಿಯೇ.

ಸಾಟಾದ 870 ಇವೊ ತಮಾಷೆಯ ವಿಷಯ. ಡಬ್ಬದ ಮೇಲೆ ಸೆಕೆಂಡಿಗೆ ಬರೀ 560 ಎಂಬಿ. ತುಂಬಿದರೂ ಐನೂರರ ಸುತ್ತಮುತ್ತ ಬಿಡದೆ ಬರೆಯುತ್ತದೆ, 600 ಜಿಬಿಗೆ ಇಪ್ಪತ್ತು ನಿಮಿಷ. ಅಂದರೆ ಇದಕ್ಕಿಂತ ಎಷ್ಟೋ ಪಟ್ಟು ವೇಗ ಎಂದು ಬರೆದುಕೊಂಡಿದ್ದ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಹೊಸ ಸಂಪರ್ಕ) ಕ್ಯುಎಲ್‌ಸಿಯನ್ನು ಇದು ಆ ದಿನ ಹಿಂದೆ ಹಾಕಿತು. ಎಂ.2 ಸ್ಲಾಟೇ (ಕೇಬಲ್ ಇಲ್ಲದೆ ಬೋರ್ಡಿಗೇ ಡ್ರೈವ್ ಸಿಕ್ಕಿಸುವ ಜಾಗ) ಇಲ್ಲದ ಹಳೆಯ ಪಿಸಿಗೆ ಕಣ್ಣುಮುಚ್ಚಿ ಹಾಕಬಹುದು.

ಬಾಳಿಕೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಒಟ್ಟು ಎಷ್ಟು ಬರೆಯುವವರೆಗೆ ವಾರಂಟಿ ಅಂತ ಕಂಪನಿ ಹೇಳುವ ಲೆಕ್ಕ ಇದು: ಎಸ್‌ಎನ್850ಎಕ್ಸ್‌ಗೆ 2,400 ಟಿಬಿ, ಎನ್‌ಎಂ790ಗೆ 3,000, ನನ್ನ ಕ್ಯುಎಲ್‌ಸಿಗೆ 800. ನಾನು ವರ್ಷಕ್ಕೆ ಐವತ್ತು ಟಿಬಿ ಬರೆದರೂ 800 ಮುಗಿಯಲು ಹದಿನಾರು ವರ್ಷ ಬೇಕು. ಬಿಡಿ.

ಜೋಡಿಸುವಾಗ ಎರಡು ಮಾತು. ಎಎಂಡಿಯ ಬಿ550 ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಹತ್ತಿರದ ಎಂ.2 ಸ್ಲಾಟ್ ಮಾತ್ರ ವೇಗದ ಪಿಸಿಐಇ ಜೆನ್4, ಚಿಪ್‌ಸೆಟ್‌ನಿಂದ ಬರುವುದು ಅದಕ್ಕಿಂತ ನಿಧಾನದ ಜೆನ್3. ಅಲ್ಲದೆ ಎಷ್ಟೋ ಬೋರ್ಡುಗಳಲ್ಲಿ ಎರಡನೇ ಸ್ಲಾಟ್ ತುಂಬಿಸಿದರೆ ಎರಡು ಸಾಟಾ ಪೋರ್ಟುಗಳು ಸುಮ್ಮನಾಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಕಾಣೆಯಾಯಿತೆಂದು ರಿಕವರಿ ಅಂಗಡಿಗೆ ಓಡುವ ಮೊದಲು ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ. ಇನ್ನು ಡ್ರೈವನ್ನು ಯಾವ ರೀತಿ ಭಾಗ ಮಾಡಬೇಕು, ಜಿಪಿಟಿಯೋ ಎಂಬಿಆರೋ ಅಂತ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಕೇಳಿದಾಗ ಜಿಪಿಟಿ ಆರಿಸಿ. ಎಂಬಿಆರ್ ಆದರೆ ಎರಡು ಟಿಬಿ ಆಚೆಗಿನದು ಕೈಗೆ ಸಿಗುವುದಿಲ್ಲ. 3.63 ಅಂತ ತೋರಿಸಿದರೆ ಗಾಬರಿ ಬೇಡ, ಲೆಕ್ಕದ ರೀತಿ ಬೇರೆ, ಅಷ್ಟೇ.

ಕಿತ್ತ ಕ್ಯುಎಲ್‌ಸಿ ಈಗ ಅಕ್ಕನ ಮಗನ ಪಿಎಸ್5 ಗೇಮ್ ಕನ್ಸೋಲಿನ ಒಳಗಿದೆ, ಅಲ್ಲಿ ಅದು ಬಂಗಾರ. ಮೊದಲ ಪಿಎಸ್5ರಲ್ಲಿ ಆಟಕ್ಕೆ ಸಿಗುವುದು 667 ಜಿಬಿ ಮಾತ್ರ, ದೊಡ್ಡ ಆಟಗಳು ಒಂದೊಂದೇ ನೂರು ಜಿಬಿ ದಾಟುತ್ತವೆ. ಯುಎಸ್‌ಬಿ ಡ್ರೈವಿನಲ್ಲಿ ಪಿಎಸ್5 ಆಟ ಇಟ್ಟುಕೊಳ್ಳಬಹುದೇ ಹೊರತು ಆಡಲಾಗದು. ಕನ್ಸೋಲ್ ಮಾಡುವುದು ಬಹುಪಾಲು ಓದುವ ಕೆಲಸ. ಬರೆಯುವುದೇನಿದ್ದರೂ ಡೌನ್‌ಲೋಡ್, ಮನೆಯ 100 ಎಂಬಿಪಿಎಸ್ ಇಂಟರ್‌ನೆಟ್ ಕೊಡುವುದು ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಅದರ ಮುಂದೆ ಕ್ಯುಎಲ್‌ಸಿಗೆ ಬೆವರೂ ಬರುವುದಿಲ್ಲ. ಸೋನಿ ಹೇಳುವ ಓದುವ ವೇಗ ಸೆಕೆಂಡಿಗೆ 5,500 ಎಂಬಿ. ನನ್ನ ಡ್ರೈವ್ ಅದಕ್ಕಿಂತ ತುಸು ಕಡಿಮೆ, ಆದರೂ ಕನ್ಸೋಲ್ ಫಾರ್ಮ್ಯಾಟ್ ಮಾಡಿಕೊಂಡು ಒಪ್ಪಿಕೊಂಡಿತು, ಹುಡುಗ ದೂರು ಹೇಳಿಲ್ಲ. ಹೊಸದಾಗಿ ಕೊಳ್ಳುವವರು ಆ ಸಂಖ್ಯೆ ದಾಟಿದ್ದನ್ನೇ ಕೊಳ್ಳಿ. ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ಹೊದಿಕೆ) ಬೇಕೇ ಬೇಕು, ಆದರೆ ಡ್ರೈವ್ ಸೇರಿ ಒಟ್ಟು ಎತ್ತರ 11.25 ಮಿಲಿಮೀಟರ್ ಮೀರಬಾರದು. ಪಿಸಿಗೆಂದು ಮಾಡಿದ ದಪ್ಪನೆಯವು ಕೂರುವುದಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇರುವವರಿಗೆ ಇದ್ಯಾವುದೂ ಅನ್ವಯಿಸದು, ಅದಕ್ಕೆ ಬೇರೆಯದೇ ಕಾರ್ಡ್ ಇದೆ.

ಬೆಲೆಯ ಮಾತು. 2023ರಲ್ಲಿ ಎಸ್‌ಎಸ್‌ಡಿ ನೆಲ ಕಚ್ಚಿತ್ತು, ಆಗ ಕೊಂಡವರು ಪುಣ್ಯವಂತರು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಬಾಚಿಕೊಳ್ಳಲು ಶುರುಮಾಡಿದ ಮೇಲೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಬೆಳಗಿನ ರೇಟು ಸಂಜೆಗಿಲ್ಲ. ಹಾಗಾಗಿ ಹೋಗುವ ಮುಂಚೆ ಫೋನ್ ಮಾಡಿ, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಎರಡು ಸಾವಿರಕ್ಕೆ 16 ಟಿಬಿ ಅನ್ನುವ ಜಾಹೀರಾತು ಕಂಡರೆ ಅದು ಮೋಸ, ಕೊಳ್ಳಬೇಡಿ.

ನಾಲ್ಕು ಟಿಬಿ ಟಿಎಲ್‌ಸಿ ಕೈಗೆಟುಕದಿದ್ದರೆ, ಅದೇ ದುಡ್ಡಿಗೆ ನಾಲ್ಕು ಟಿಬಿ ಕ್ಯುಎಲ್‌ಸಿ ತರುವುದಕ್ಕಿಂತ ಎರಡು ಟಿಬಿ ಟಿಎಲ್‌ಸಿ ತಂದು ಉಳಿದಿದ್ದಕ್ಕೆ ಒಂದು ಹಾರ್ಡ್‌ಡಿಸ್ಕ್ ತನ್ನಿ. ಕೈಯಲ್ಲಿರುವ ಮದುವೆಗಳು ಎಸ್‌ಎಸ್‌ಡಿಯಲ್ಲಿ, ಆಲ್ಬಮ್ ಕೊಟ್ಟು ಮುಗಿದವು ಹಾರ್ಡ್‌ಡಿಸ್ಕಿನಲ್ಲಿ. ಕರೆಂಟಿಲ್ಲದೆ ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿ ಹೇಗೂ ಸರಿಯಾದ ಜಾಗವಲ್ಲ.