ಟ್ಯೂಬೆಕ್ಟಮಿ ಮರುಜೋಡಣೆಗೆ ಮುನ್ನ ಲ್ಯಾಪ್ರೊಸ್ಕೋಪಿ: ಬಸವನಗುಡಿಯ ನರ್ಸಿಂಗ್ ಹೋಮ್ ಒಂದರ ಸೇವೆಯ ಕುರಿತು

ಟ್ಯೂಬೆಕ್ಟಮಿ, ಅಂದರೆ ಗರ್ಭನಳಿಕೆಗಳನ್ನು ಮುಚ್ಚುವ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಮಗು ಬೇಕೆನ್ನುವ ಮಹಿಳೆಗೆ ಬೆಂಗಳೂರಿನಲ್ಲಿ ದಾರಿ ತೋರಿಸುವವರಿಗೇನೂ ಕೊರತೆಯಿಲ್ಲ. ಆದರೆ ಹೆಚ್ಚಿನವರು ತೋರಿಸುವುದು ತಮ್ಮ ಬಾಗಿಲನ್ನೇ. ಐವಿಎಫ್ ಕೇಂದ್ರದವರು ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಎನ್ನುತ್ತಾರೆ, ಶಸ್ತ್ರಚಿಕಿತ್ಸಕರು ನಳಿಕೆಗಳ ಮರುಜೋಡಣೆ ಎನ್ನುತ್ತಾರೆ. ಇವೆರಡಕ್ಕೂ ಮೊದಲು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ, ಅಂದರೆ ಲ್ಯಾಪ್ರೊಸ್ಕೋಪಿ ಮಾಡಿ, ನಳಿಕೆಗಳಲ್ಲಿ ಏನು ಉಳಿದಿದೆ ಎಂದು ನೋಡಬೇಕೆ, ನೋಡುವುದಾದರೆ ಅದಕ್ಕೆಂದೇ ಒಂದು ಆಪರೇಷನ್ ಮಾಡಿಸಿಕೊಳ್ಳಬೇಕೆ ಎಂಬುದನ್ನು ರೋಗಿಯ ಜೊತೆ ಕುಳಿತು ಚರ್ಚಿಸುವವರು ಕಡಿಮೆ. ಬಸವನಗುಡಿಯ ಈ ಮಧ್ಯಮ ಗಾತ್ರದ ನರ್ಸಿಂಗ್ ಹೋಮ್ ಅನ್ನು ನಾನು ಮುಖ್ಯವಾಗಿ ಅಳೆಯುತ್ತಿರುವುದು ಆ ಚರ್ಚೆಯ ಗುಣಮಟ್ಟದಿಂದ.

ಎರಡನೆಯ ಹೆರಿಗೆಯ ಬಳಿಕ, ಇಪ್ಪತ್ತೈದು ತುಂಬುವ ಮೊದಲೇ, ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನನಗೆ ಟ್ಯೂಬೆಕ್ಟಮಿ ಆಗಿತ್ತು. ನಮ್ಮ ಕಡೆ ಇದು ವಿಶೇಷವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಆಪರೇಷನ್ ಮಾಡಿಸಿಕೊಂಡವರೇ. ಈಗ ಮರುಮದುವೆಯಾಗಿದ್ದೇನೆ, ವಯಸ್ಸು ಮೂವತ್ತಮೂರು. "ಇರುವ ಇಬ್ಬರು ಸಾಲದೆ?" ಎಂಬ ಪ್ರಶ್ನೆಯನ್ನು ಬಂಧುಗಳು ಕೇಳಿಯಾಗಿದೆ; ಅದಕ್ಕೆ ಇಲ್ಲಿ ಉತ್ತರಿಸುವ ಅಗತ್ಯವಿಲ್ಲ.

ಇಲ್ಲಿಗೆ ಬರುವ ಮೊದಲು ಬೇರೆ ಎರಡು ಕಡೆ ಹೋಗಿದ್ದೆ. ಒಂದು ಐವಿಎಫ್ ಕೇಂದ್ರದಲ್ಲಿ ವೈದ್ಯರಿಗಿಂತ ಮೊದಲು ಪ್ಯಾಕೇಜಿನ ದರಪಟ್ಟಿ ಎದುರಾಯಿತು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿಗೆ ದಿನಾಂಕವನ್ನೇ ಬರೆದುಕೊಟ್ಟರು. ಅದರಿಂದ ಏನು ತಿಳಿಯುತ್ತದೆ, ತಿಳಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಾಗ "ನೋಡಿದ ಮೇಲೆ ಹೇಳುತ್ತೇವೆ" ಎಂದರು.

ಬಸವನಗುಡಿಯ ವೈದ್ಯೆ ಮೊದಲು ಕೇಳಿದ್ದು ಹಳೆಯ ಆಪರೇಷನ್ನಿನ ಕಾಗದ, ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿರಬಹುದೆಂದು ತಿಳಿಸುವ ನನ್ನ ಎಎಂಎಚ್ ರಕ್ತಪರೀಕ್ಷೆ ಮತ್ತು ಪತಿಯ ವೀರ್ಯ ಪರೀಕ್ಷೆ. ವೀರ್ಯದಲ್ಲಿ ದೊಡ್ಡ ದೋಷವಿದ್ದರೆ ನಳಿಕೆಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಉಪಯೋಗವಿಲ್ಲ, ಅಂಥವರ ಪತ್ನಿಯ ಹೊಟ್ಟೆಯನ್ನು ಸುಮ್ಮನೆ ತೆರೆಯುವುದು ತಪ್ಪು ಎಂದು ಅವರು ನೇರವಾಗಿ ಹೇಳಿದರು. ಇಷ್ಟು ಸರಳವಾದ ವಿಷಯ ಹಿಂದಿನ ಎರಡು ಕಡೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಹಳೆಯ ಕಾಗದ ಏಕೆ ಮುಖ್ಯ ಎಂಬುದನ್ನು ಅವರು ಚಿತ್ರ ಬರೆದು ವಿವರಿಸಿದರು. ನಳಿಕೆಯ ಸಹಜ ಉದ್ದ ಸುಮಾರು 10ರಿಂದ 12 ಸೆಂ.ಮೀ. ಕ್ಲಿಪ್ ಹಾಕಿದ್ದರೆ ಹಾಳಾಗುವುದು 1 ಸೆಂ.ಮೀ.ಗಿಂತ ಕಡಿಮೆ, ಲ್ಯಾಪ್ರೊಸ್ಕೋಪಿಯಲ್ಲಿ ಸಿಲಿಕೋನ್ ರಿಂಗ್ ಹಾಕಿದ್ದರೆ ಸುಮಾರು 2ರಿಂದ 3 ಸೆಂ.ಮೀ.; ಪೊಮೆರಾಯ್ ವಿಧಾನದಲ್ಲಿ ನಳಿಕೆಯನ್ನು ಮಡಿಚಿ, ಕಟ್ಟಿ, ಕತ್ತರಿಸಿದ್ದರೆ ಇನ್ನಷ್ಟು; ವಿದ್ಯುತ್ತಿನಿಂದ ಸುಟ್ಟಿದ್ದರೆ ಹಾನಿ ಎಲ್ಲಿಯವರೆಗೆ ಹಬ್ಬಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಅಂಡವನ್ನು ಹಿಡಿದುಕೊಳ್ಳುವ ತುದಿಯ ಝಾಲರಿ, ಅಂದರೆ ಫಿಂಬ್ರಿಯಾ, ಅದನ್ನೇ ಕತ್ತರಿಸಿ ತೆಗೆದಿದ್ದರೆ ಜೋಡಿಸಲು ಇನ್ನೊಂದು ತುದಿಯೇ ಇರುವುದಿಲ್ಲ. ಆದ್ದರಿಂದ ಯಾವ ವಿಧಾನದಲ್ಲಿ, ನಳಿಕೆಯ ಯಾವ ಭಾಗದಲ್ಲಿ ಮಾಡಿದ್ದಾರೆ ಎಂದು ಆಪರೇಷನ್ ಟಿಪ್ಪಣಿಯಲ್ಲಿ ಸ್ಪಷ್ಟವಾಗಿದ್ದರೆ, ನೋಡುವುದಕ್ಕೆಂದೇ ಪ್ರತ್ಯೇಕ ಲ್ಯಾಪ್ರೊಸ್ಕೋಪಿ ಬಹುತೇಕ ಬೇಕಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ನನ್ನ ಬಳಿ ಇದ್ದ ಪ್ರಮಾಣಪತ್ರದಲ್ಲಿ ಆಪರೇಷನ್ ಆದ ದಿನಾಂಕ ಬಿಟ್ಟರೆ ಮತ್ತೇನೂ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ನಾನು ಕೊಡಬೇಕಾದ ಪತ್ರವನ್ನು ನರ್ಸಿಂಗ್ ಹೋಮ್‌ನವರೇ ಬರೆದುಕೊಟ್ಟರು. ಅಲ್ಲಿಯ ರಿಜಿಸ್ಟರಿನಲ್ಲಿ ಸಿಕ್ಕಿದ್ದು "ರಿಂಗ್" ಎಂಬ ಒಂದು ಪದ.

ಎಚ್‌ಎಸ್‌ಜಿ ಎಕ್ಸ್‌ರೇ (ಗರ್ಭಕೋಶದ ಮೂಲಕ ದ್ರವ ಹಾಯಿಸಿ ನಳಿಕೆಗಳನ್ನು ನೋಡುವ ಪರೀಕ್ಷೆ) ಸಾಲದೆ ಎಂದು ಕೇಳಿದೆ. ಮೆಟ್ರೊ ಕಾಮಗಾರಿಗೆಂದು ಅಡ್ಡಗಟ್ಟಿದ ರಸ್ತೆಯ ಈಚೆ ಬದಿಯಲ್ಲಿ ನಿಂತವರಿಗೆ ಆಚೆ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲವಲ್ಲ, ಅದೂ ಹಾಗೆಯೇ: ಗರ್ಭಕೋಶದಿಂದ ಹೋದ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಕಟ್ಟಿದ ಜಾಗದಲ್ಲಿ ನಿಲ್ಲುತ್ತದೆ. ಅದರಾಚೆಗಿನ ತುಂಡು ಎಷ್ಟು ಉದ್ದವಿದೆ, ಫಿಂಬ್ರಿಯಾ ಆರೋಗ್ಯವಾಗಿದೆಯೇ, ಹಳೆಯ ಸೋಂಕಿನಿಂದಲೋ ಕ್ಷಯದಿಂದಲೋ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದಲೋ ಅಂಗಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ಎಂಬುದು ಕಾಣಬೇಕಾದರೆ ಲ್ಯಾಪ್ರೊಸ್ಕೋಪಿಯೇ ಬೇಕು.

ಉಳಿದ ಪ್ರಶ್ನೆ, ಬೇರೆ ದಿನ ನೋಡುವುದೋ ಅಥವಾ ಒಂದೇ ಅರಿವಳಿಕೆಯಲ್ಲಿ ನೋಡಿ ಸರಿಯಿದ್ದರೆ ಮುಂದುವರಿಯುವುದೋ ಎಂಬುದು. ಬೇರೆ ದಿನ ನೋಡಿದರೆ ಫಲಿತಾಂಶವನ್ನು ಮನೆಗೆ ತೆಗೆದುಕೊಂಡು ಹೋಗಿ ಐವಿಎಫ್ ಜೊತೆ ತೂಗಿ ನೋಡಲು ಸಮಯ ಸಿಗುತ್ತದೆ. ಆದರೆ ಅರಿವಳಿಕೆ ಎರಡು ಸಲ, ರಜೆ ಎರಡು ಸಲ, ಬಿಲ್ಲೂ ಎರಡು ಸಲ. ಒಂದೇ ಸಲಕ್ಕೆ ಒಪ್ಪಿದರೆ ಈ ಎರಡೆರಡು ಸಲದ ತಾಪತ್ರಯ ಇರುವುದಿಲ್ಲ. ಆದರೆ ಏನೂ ತಿಳಿಯುವ ಮೊದಲೇ ಸಹಿ ಹಾಕಿ ಮಲಗಬೇಕು, ಎಚ್ಚರವಾದಾಗ ಹೊಟ್ಟೆಯ ಮೇಲೆ ಬರೀ ರಂಧ್ರಗಳಿವೆಯೋ ಉದ್ದನೆಯ ಹೊಲಿಗೆಯಿದೆಯೋ ಎಂದು ಕೇಳಿ ತಿಳಿದುಕೊಳ್ಳಬೇಕು. ಕಾಗದಪತ್ರ ಸ್ವಲ್ಪವಾದರೂ ಇದ್ದು, ಮರುಜೋಡಣೆ ಸಾಧ್ಯತೆ ಹೆಚ್ಚೆಂದು ತೋರುವವರಿಗೆ ಒಂದೇ ಸಲದ್ದೇ ಒಳ್ಳೆಯದು ಎಂದು ವೈದ್ಯೆ ಹೇಳಿದರು. ಒಳಗೆ ಕೆಟ್ಟಿರಬಹುದೆಂಬ ಗುಮಾನಿ ಬಲವಾಗಿದ್ದರೆ ಅಥವಾ ದಂಪತಿ ಐವಿಎಫ್ ಕಡೆಗೆ ಅರ್ಧ ಮನಸ್ಸು ಮಾಡಿದ್ದರೆ ಬೇರೆ ದಿನವೇ ನೋಡುವುದು ಲೇಸು ಎಂದರು. ನಾನು ಒಂದೇ ಸಲದ್ದನ್ನು ಆರಿಸಿಕೊಂಡೆ.

ಈ ನರ್ಸಿಂಗ್ ಹೋಮ್‌ಗೆ ನಾನು ಹೆಚ್ಚು ಅಂಕ ಕೊಡುವುದು ಒಪ್ಪಿಗೆ ಪತ್ರಕ್ಕೆ. ಯಾವ ಸ್ಥಿತಿಯಲ್ಲಿ ಮುಂದುವರಿಯಬೇಕು, ಯಾವ ಸ್ಥಿತಿಯಲ್ಲಿ ನಿಲ್ಲಿಸಬೇಕು ಎಂಬುದನ್ನು ಅದರಲ್ಲಿ ಕನ್ನಡದಲ್ಲೇ ಬರೆದಿದ್ದರು: ಒಂದಾದರೂ ನಳಿಕೆ ಜೋಡಿಸಿದ ಮೇಲೆ 4 ಸೆಂ.ಮೀ.ಗಿಂತ ಹೆಚ್ಚು ಉಳಿಯುವಂತಿದ್ದು ಅದರ ಫಿಂಬ್ರಿಯಾ ಚೆನ್ನಾಗಿದ್ದರೆ ಮುಂದುವರಿಯುವುದು, ಇಲ್ಲದಿದ್ದರೆ ಕ್ಯಾಮೆರಾ ತೆಗೆದು ಹೊಲಿದು ಬಿಡುವುದು. ನಳಿಕೆಯಲ್ಲಿ ನೀರು ತುಂಬಿಕೊಂಡಿದ್ದರೆ ಆ ನಳಿಕೆಯನ್ನೇ ಆಗಲೇ ತೆಗೆಯಬಹುದು ಎಂಬ ಸಾಲೊಂದಿತ್ತು. ಅಂಥ ನೀರು ಮುಂದೆ ಐವಿಎಫ್‌ನ ಯಶಸ್ಸನ್ನು ಕುಗ್ಗಿಸುತ್ತದೆ ಎಂಬ ಕಾರಣ ನಿಜವಾದರೂ ನನಗೆ ತಿಳಿಯದೆ ಏನನ್ನೂ ತೆಗೆಯುವುದು ಬೇಡ ಎಂದೆ. ವೈದ್ಯೆ ವಾದಿಸದೆ ಆ ಸಾಲನ್ನು ಹೊಡೆದುಹಾಕಿದರು. ಅದೇ ಪತ್ರವನ್ನು ಕೌಂಟರಿನಲ್ಲಿದ್ದವರು ಮೊದಲು ನನ್ನ ಪತಿಯ ಕೈಗೆ ಕೊಟ್ಟರೆಂಬುದನ್ನೂ ಹೇಳಬೇಕು.

ಕ್ಯಾಮೆರಾ ಇಳಿಸಿ ನೋಡಿದಾಗ ಎಡಭಾಗದಲ್ಲಿ ರಿಂಗ್ ನಳಿಕೆಯ ತುದಿಗೆ ತೀರ ಹತ್ತಿರ ಬಿದ್ದಿತ್ತು, ಫಿಂಬ್ರಿಯಾ ಅಂಡಾಶಯಕ್ಕೆ ಅಂಟಿಕೊಂಡಿತ್ತು; ಅದನ್ನು ಬಿಟ್ಟರು. ಬಲಭಾಗ ಚೆನ್ನಾಗಿತ್ತು. ಕಿಬ್ಬೊಟ್ಟೆಯಲ್ಲಿ ಸಣ್ಣ ಗೀರು ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಅತಿ ತೆಳುವಾದ 8-0 ದಾರದಿಂದ ಅದೊಂದನ್ನು ಜೋಡಿಸಿದರು. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್‌ನಿಂದ ಹೊಲಿಗೆಗಿಂತ ಭುಜ ಹೆಚ್ಚು ನೋಯುತ್ತದೆ ಎಂದು ನರ್ಸ್ ಮೊದಲೇ ಎಚ್ಚರಿಸಿದ್ದರಿಂದ ಗಾಬರಿಯಾಗಲಿಲ್ಲ. ಮರುಜೋಡಣೆಯಾದವರಲ್ಲಿ ನಳಿಕೆಯಲ್ಲೇ ಗರ್ಭ ನಿಲ್ಲುವ ಅಪಾಯ ಸಾಮಾನ್ಯಕ್ಕಿಂತ ಹೆಚ್ಚು. ಮುಟ್ಟು ತಪ್ಪಿದ ಕೂಡಲೇ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಬೇಕೆಂದು ಡಿಸ್ಚಾರ್ಜ್ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ.

ಬಿಲ್ಲಿಂಗ್ ವಿಭಾಗದ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ವಿಮೆಯಲ್ಲಿ ಕ್ಲೇಮ್ ಮಾಡಬಹುದು ಎಂದು ದಾಖಲಾಗುವಾಗ ಹೇಳಿದವರು ಡಿಸ್ಚಾರ್ಜ್ ದಿನ ಆಗದು ಎಂದರು. ಬಂಜೆತನ ಚಿಕಿತ್ಸೆಯ ಜೊತೆಗೆ ಸಂತಾನಹರಣದ ಮರುಜೋಡಣೆಯೂ ಆರೋಗ್ಯ ವಿಮೆಯ ಪ್ರಮಾಣಿತ ಹೊರಗಿಡುವಿಕೆಗಳಲ್ಲಿ 17ನೆಯ ಸಂಕೇತದಡಿ ಹೆಸರಿಸಿಯೇ ಇದೆ. ಇಂಥ ಆಪರೇಷನ್‌ಗಳನ್ನೇ ಮಾಡುವ ಸಂಸ್ಥೆಯ ಕೌಂಟರಿಗೆ ಇದು ಗೊತ್ತಿರಬೇಕಾದ ವಿಷಯ. ಅಂದಾಜು ವೆಚ್ಚದ ಹಾಳೆಯಲ್ಲೂ ನೋಡಿ ನಿಲ್ಲಿಸಿದರೆ ಎಷ್ಟು, ಮುಂದುವರಿದರೆ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿರಲಿಲ್ಲ. ನಾನು ಕೇಳಿದ ಮೇಲೆ ಪೆನ್ನಿನಲ್ಲಿ ಸೇರಿಸಿದರು. ಸಹಿ ಹಾಕುವ ಮೊದಲು ಈ ಎರಡು ಮೊತ್ತಗಳನ್ನೂ ಬರೆಸಿಕೊಳ್ಳಿ. ಲ್ಯಾಪ್ರೊಸ್ಕೋಪಿಯ ವಿಡಿಯೊ ಪ್ರತಿಯನ್ನೂ ಕೇಳಿ ಪಡೆಯಿರಿ; ಮುಂದೆ ಬೇರೆ ವೈದ್ಯರ ಬಳಿ ಹೋದರೆ ಅವರು ಮೊದಲು ಕೇಳುವುದು ಅದನ್ನೇ. ನನಗೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರು, ಪೆನ್‌ಡ್ರೈವ್ ಮಾತ್ರ ನಾವೇ ತರಬೇಕು.