ಓಆರ್‌ಎಸ್ ಪುಡಿಯೋ, ಸಿಹಿ ಪೇಯವೋ?

ಮಗುವಿಗೆ ಭೇದಿಯಾದಾಗ ಮೈಸೂರಿನ ದೇವರಾಜ ಅರಸು ರಸ್ತೆಯ ಔಷಧಿ ಅಂಗಡಿಗೆ ಓಡುವ ಪೋಷಕರ ಮುಂದೆ ಎರಡು ಆಯ್ಕೆಗಳಿರುತ್ತವೆ: ನೀರಿಗೆ ಬೆರೆಸುವ ಓಆರ್‌ಎಸ್ (ಭೇದಿಯಲ್ಲಿ ಕಳೆದುಹೋದ ನೀರು, ಲವಣಗಳನ್ನು ದೇಹಕ್ಕೆ ಮರಳಿಸುವ ದ್ರಾವಣ) ಪುಡಿಯ ಪೊಟ್ಟಣ, ಸ್ಟ್ರಾ ಹಾಕಿ ಕುಡಿಯುವ ಹಣ್ಣಿನ ರುಚಿಯ ಪೇಯ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಈ ಅಳತೆಗೆ ಕಾರಣವಿದೆ. ಕರುಳು ಗ್ಲೂಕೋಸನ್ನೂ ಸೋಡಿಯಂನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ನೀರು ಅವುಗಳ ಬೆನ್ನಿಗೇ ಒಳಸೇರುತ್ತದೆ. ಸಕ್ಕರೆ ಅತಿಯಾದ ಪೇಯವಾದರೆ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನೇ ಹೆಚ್ಚಿಸುತ್ತದೆ. ನನಗೆ ಸಂಕಟವಾಗುವುದು ಇಲ್ಲಿಯೇ: ಅಂಥ ಪೇಯಗಳ ಹೆಸರಿನಲ್ಲೂ ವರ್ಷಗಟ್ಟಲೆ ‘ಓಆರ್‌ಎಸ್’ ಎಂಬ ಅಕ್ಷರಗಳಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪೇಯಗಳಿಗೆ ಆ ಹೆಸರು ಬಳಸುವುದನ್ನು ನಿಷೇಧಿಸಿತು. ಆದರೂ ಪ್ಯಾಕೆಟ್ ತಿರುಗಿಸಿ ಸಕ್ಕರೆಯ ಪ್ರಮಾಣವನ್ನು ಓದಿ.

ಬೆಲೆಯಲ್ಲೂ ಪುಡಿಯೇ ಅಗ್ಗ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಪೇಯದ ಪರವಾಗಿ ಹೇಳಬಹುದಾದದ್ದು ರುಚಿಯೊಂದೇ. ಪುಡಿಗೆ ಪೊಟ್ಟಣದಲ್ಲಿ ಬರೆದಷ್ಟೇ ನೀರನ್ನು ಅಳೆದು ಹಾಕಬೇಕು, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಒಲ್ಲೆನೆನ್ನುವ ಮಗುವಿಗೆ ಚಮಚ ಚಮಚವಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.